ರೆಪ್ಪೆ ಮೇಡಂ

ನನ್ನ ಪಿಎಚ್.ಡಿ. ಗೈಡ್ ಮೇಡಂ ಮಾತಾಡುವಾಗ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ದಪ್ಪ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಎದುರಿನವರ ರೆಪ್ಪೆಯಂಚನ್ನು ನೋಡುತ್ತಿದ್ದರು. ಇಟ್ಟಮಡುವಿನ ಛತ್ರಕ್ಕೆ ನನ್ನ ತಂಗಿಯ ಆರತಕ್ಷತೆಗೆ ಬಂದಾಗಲೂ ಮೇಡಂ ವೇದಿಕೆ ಹತ್ತಿ ಮದುಮಗಳಿಗೆ ಹೇಳಿದ್ದು ಇಷ್ಟೇ: "ರೆಪ್ಪೇಲಿರೋ ಎಣ್ಣೆ ಗ್ರಂಥಿ ಕಟ್ಕೊಂಡಿದೆ ಕಣಮ್ಮ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಕೊ." ಫೋಟೋಗ್ರಾಫರ್ ಅದನ್ನೇ ಆಶೀರ್ವಾದವೆಂದುಕೊಂಡು ಫೋಟೋ ಹೊಡೆದ.

ಬಿಟಿಎಂ ಲೇಔಟಿನ ನಮ್ಮ ಲ್ಯಾಬಿನಲ್ಲಿ ಇಲಿಗಳದೇ ಸಂಸಾರ. ಇಲಿಮರಿಯ ರೆಪ್ಪೆಗಳು ತಾಯ ಹೊಟ್ಟೆಯಲ್ಲೇ ಬೆಸೆದುಕೊಂಡು, ಹುಟ್ಟಿದ ಎರಡು ವಾರಕ್ಕೆ ತೆರೆಯುತ್ತವೆ. ಬೆಸೆಯಲು ಅಪ್ಪಣೆ ಕೊಡುವುದು ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು. ಅಂಥದ್ದೊಂದರ ಅಪ್ಪಣೆ ತಡೆದರೆ ಮರಿ ಕಣ್ಣು ತೆರೆದೇ ಹುಟ್ಟಬೇಕು ಎಂಬುದು ನನ್ನ ಪಿಎಚ್.ಡಿ. ವಾದ. ಮೂರು ವರ್ಷವಾದರೂ ಒಂದು ಮರಿಯೂ ಹಾಗೆ ಹುಟ್ಟಿರಲಿಲ್ಲ. ಹುಟ್ಟದಿದ್ದರೆ ನನ್ನ ಪದವಿಗೆ ಎಳ್ಳುನೀರು ಬಿಟ್ಟಂತೆ.

ತಂಗಿಯ ಮದುವೆಯ ಎರಡು ವಾರದ ರಜೆ ಮುಗಿಸಿ ಬಂದು ನೋಡಿದರೆ ಪಂಜರದ ತುಂಬ ಕಣ್ಣರಳಿಸಿದ ಮರಿಗಳು. ಓಡಿಹೋಗಿ ಮೈಸೂರ್ ಪಾಕ್ ತಂದು ಇಡೀ ಲ್ಯಾಬಿಗೆ ಹಂಚಿದೆ. ಮೇಡಂ ಎರಡು ತುಂಡು ತಿಂದು, ಕೈ ತೊಳೆದುಕೊಂಡು, ಒಂದು ಮರಿಯನ್ನು ಅಂಗೈ ಮೇಲಿಟ್ಟುಕೊಂಡರು.

"ಈಗ ಹುಟ್ಟಿದ ಮರಿಗೆ ಈ ಸ್ವೆಟರ್ ಯಾರೋ ಹಾಕಿದ್ದು?"

ಮರಿಯ ಮೈತುಂಬ ರೋಮ. ಆಗತಾನೆ ಹುಟ್ಟಿದ ಇಲಿಮರಿ ಬೋಳುಬೋಳಾಗಿರುತ್ತದೆ. ಇವು ನಾನು ರಜೆ ಹಾಕಿದ ದಿನವೇ ಹುಟ್ಟಿ, ಎರಡು ವಾರಕ್ಕೆ ಎಲ್ಲ ಇಲಿಗಳಂತೆ ಕಣ್ಣು ಬಿಟ್ಟಿದ್ದವು. ಲ್ಯಾಬಿನವರೆದುರು ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು.

"ಪಿಎಚ್.ಡಿ. ಬಿಟ್ಬಿಡ್ತೀನಿ ಮೇಡಂ," ಅಂದೆ. ಅಳು ಬಂದಿತ್ತು.

"ಬಿಡೋದಾದ್ರೆ ಇನ್ನೊಂದ್ ಪೀಸ್ ಕೊಟ್ಟು ಬಿಡು. ಹುಟ್ಟಿದ ದಿನಾನೇ ನೋಡ್ಬೇಕು ಕಣೋ. ನಾಳೆಯಿಂದ ನಾನೂ ಬರ್ತೀನಿ."

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಬನಶಂಕರಿಯಿಂದ ಬಂದು, ನನ್ನೊಂದಿಗೆ ಪಂಜರ ನೋಡಿ, ನೋಟ್‌ಬುಕ್ಕಿನಲ್ಲಿ ಸಮಯ ಬರೆಸಿ ಸಹಿ ಹಾಕುತ್ತಿದ್ದರು. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಸೆಕ್ಯುರಿಟಿಯವನು ಪಾಸ್ ಕೇಳಿದರೆ ಅವನ ರೆಪ್ಪೆಗೂ ಔಷಧಿ ಹೇಳಿ ಒಳಗೆ ಬಂದರು. ಕೊನೆಗೊಂದು ಬೆಳಿಗ್ಗೆ, ಬೋಳು ಮರಿಗಳ ನಡುವೆ ಎರಡು ಮರಿ ಕಣ್ಣು ತೆರೆದೇ ಮಲಗಿದ್ದವು. ಮೇಡಂ ತುಂಬ ಹೊತ್ತು ನೋಡಿದರು.

"ಟೈಮ್ ಬರಿ ಮೊದ್ಲು. ಆಮೇಲೆ ಕುಣಿ."

ನನ್ನ ವೈವಾಗೆ ಹತ್ತು ದಿನವಿರುವಾಗ ಮೇಡಂ ಹೃದಯಾಘಾತದಿಂದ ಹೋಗಿಬಿಟ್ಟರು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಹಟಮಾರಿ. "ಹುಟ್ಟಿದ ದಿನವೇ ನೋಡಿದಿರಿ ಅನ್ನೋದಕ್ಕೆ ಏನ್ರೀ ಪುರಾವೆ?" ಅಂದರು. ನೋಟ್‌ಬುಕ್ ತೆರೆದು ಮುಂದಿಟ್ಟೆ. ಹಿಂದಿನ ಬೆಳಿಗ್ಗೆ, 'ಮರಿ ಇಲ್ಲ'. ಕೆಳಗೆ ಮೇಡಂ ಸಹಿ. ಮರುದಿನ ಆರೂ ಹತ್ತಕ್ಕೆ, 'ಒಂಬತ್ತು ಮರಿ, ಎರಡರ ರೆಪ್ಪೆ ತೆರೆದಿದೆ'. ಕೆಳಗೆ ಮೇಡಂ ಸಹಿ.

"ಇನ್ನು ಕೇಳೋದೇನಿಲ್ಲ, ಡಾಕ್ಟರೇ," ಎಂದು ಅವರು ಕೈ ಚಾಚಿದರು. ನನಗೆ ಆ ಸಹಿಯ ಮೇಲಿಂದ ಕೈ ತೆಗೆಯಲಾಗಲಿಲ್ಲ.