ಅಚ್ಚಿಗೆ ಹೋಗದ ಓಲೆ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಹಾಸನದ ಒಂದು ದಿನಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕ. ವರದಿಗಾರರು ಬರೆದದ್ದನ್ನು ತಿದ್ದಿ, ಶೀರ್ಷಿಕೆ ಕೊಟ್ಟು, ಸಂಜೆ ನಾಲ್ಕಕ್ಕೆ ಪುರವಣಿಯ ಪುಟವನ್ನು ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ನಾಲ್ಕು ದಾಟಿದರೆ ಪ್ರೆಸ್ಸಿನವರ ಬಾಯಿಗೆ ಬೀಳಬೇಕು.

ಅಂದಿನ ಪುಟದಲ್ಲಿ ನಮ್ಮ ವರದಿಗಾರ ರಘುವಿನ ಲೇಖನವಿತ್ತು. ಹಿರೀಸಾವೆ ಕಡೆಯ ಒಂದು ತೆಂಗಿನ ನಾರಿನ ಯೂನಿಟ್ಟಿನಲ್ಲಿ ದುಡಿಯುವ ಹೆಂಗಸರ ಬಗ್ಗೆ. ಅದರಲ್ಲೊಂದು ಸಾಲು: ಮಗಳನ್ನು ನೋಡಲು ಗಂಡಿನವರು ಬಂದ ದಿನ ತಾಯಿ ಪಕ್ಕದ ಮನೆಯವರ ಓಲೆ ಇಸಿದುಕೊಂಡು ಹಾಕಿಕೊಂಡರು, ಅವರು ಹೋದ ಮೇಲೆ ಬಿಚ್ಚಿಕೊಟ್ಟು, ತೂತು ಮುಚ್ಚದಿರಲೆಂದು ಮತ್ತೆ ಪರಕೆ ಕಡ್ಡಿ ಸಿಕ್ಕಿಸಿಕೊಂಡರು. ಹರಿದ ಸೀರೆ, ಆರಿದ ಒಲೆಗಳ ವರ್ಣನೆ ಓದಿ ಓದಿ ನನಗೆ ಬೇಸರ ಬಂದುಹೋಗಿತ್ತು. ಇದನ್ನು ಮಾತ್ರ ಎರಡು ಸಲ ಓದಿದೆ. ಲೇಖನದ ಶುರುವಿಗೇ ತಂದಿಟ್ಟೆ.

ಮೂರು ಗಂಟೆಗೆ ಆ ತಾಯಿ, ಸಣ್ಣಮ್ಮ, ನನ್ನ ಮೇಜಿನ ಮುಂದೆ ಬಂದು ನಿಂತರು. ವಿವರ ಸರಿಯಿದೆಯೇ ಎಂದು ರಘು ಬೆಳಿಗ್ಗೆ ಫೋನಿನಲ್ಲಿ ಓದಿ ಹೇಳಿದ್ದ. ಕೇಳಿದವರೇ ಬಸ್ಸು ಹತ್ತಿದ್ದರು. ಗಂಡಿನ ಮನೆ ಅರಕಲಗೂಡಿನಲ್ಲಿ. ಬೆಳಗಾದರೆ ನಮ್ಮ ಪತ್ರಿಕೆ ಅಲ್ಲಿರುತ್ತದೆ. ಓಲೆಯ ಸಾಲು ತೆಗೆಯಿರಿ ಎಂದರು.

“ಹೆಸರು ಬದಲಾಯಿಸಿದ್ದೀವಮ್ಮ,” ಎಂದ ರಘು.

“ಎಸರು ಬದಲಾಯ್ಸುದ್ರೆ ಕಿವಿ ಬದಲಾಯ್ತದಾ? ಯೂನಿಟ್ನಾಗೆ ಕಡ್ಡಿ ಸಿಗ್ಸ್ಕೊಂಡಿರೋಳು ನಾನೊಬ್ಳೇ ಕಣಪ್ಪ.”

ಗಡಿಯಾರ ನೋಡಿ ನನಗೆ ಸಿಟ್ಟು ಬಂತು. ಇಸಿದುಕೊಂಡ ಓಲೆ ತೋರಿಸಿದ್ದು ಗಂಡಿನವರಿಗೆ ಮೋಸವಲ್ಲವೇ ಎಂದು ಕೇಳಿಯೇಬಿಟ್ಟೆ.

“ಮೋಸ ಏನ್ ಬಂತು ಸಾ? ನೋಡಕ್ ಬರೋ ದಿನ ನಮ್ಕಡೆ ಎಲ್ಲಾರೂ ಒಂದಲ್ಲ ಒಂದು ಇಸ್ಕೊಂಡೇ ಇರ್ತಾರೆ. ಅವ್ರಿಗೂ ಗೊತ್ತು. ಪೇಪರ್ನಾಗೆ ಬಂದ್ಬುಟ್ರೆ ಗೊತ್ತಿಲ್ದಂಗೆ ಇರಕ್ಕಾಗಲ್ವಲ್ಲ ಸಾ.”

ನಾನು ರಘುವಿನ ಕಡೆ ನೋಡಿದೆ.

“ಆ ಸಾಲು ತೆಗೆದ್ರೆ ಬರೀ ಕೂಲಿ ಲೆಕ್ಕ ಉಳಿಯುತ್ತೆ ಸರ್. ಯಾರು ಓದ್ತಾರೆ?” ಎಂದ ರಘು. ಅವನ ಮಾತೂ ಸುಳ್ಳಲ್ಲ. ಓದಿದವರಿಗೆ ಚುಚ್ಚದಿದ್ದರೆ ಆ ಹೆಂಗಸರ ಪಾಡು ಯಾರಿಗೆ ಬೇಕು? ಮೂರೂವರೆ ಆಗಿತ್ತು. ಹಾಗಾದರೆ ಏನು ಬರೆಯೋಣ ಹೇಳಮ್ಮ ಎಂದೆ.

“ಬಡತನ ಬರೀಬ್ಯಾಡಿ ಅಂತ ನಾನೆಲ್ಲಂದೆ? ನಾವು ಉಣ್ಣೋದ್ನ ಬರೀರಿ. ಕುಂತ್ಕೊಂಡು ಉಣ್ಣಕ್ಕೊಂದು ಜಾಗ ಕೊಟ್ಟಿಲ್ಲ. ನಾರಿನ ದೂಳು ಮುದ್ದೆ ಮ್ಯಾಲೆ ಕೂರ್ತದೆ ಅಂತ ಸೆರಗ್ನ ತಲೆ ಮ್ಯಾಲಿಂದ ಎಳ್ಕೊಂಡು, ಡಬ್ಬಿನೂ ಅದ್ರೊಳಗೇ ಮಡಿಕ್ಕೊಂಡು ಉಣ್ತೀವಿ. ಅಷ್ಟು ಜನಾನೂ ಅಂಗೇ.”

ರಘು ಪೆಚ್ಚಾದ. ಅದನ್ನು ಅವನೂ ನೋಡಿದ್ದ. ಗಂಡಸು ಬಂದನೆಂದು ನಾಚಿ ಮುಸುಕು ಎಳೆದುಕೊಂಡರೆಂದು ತಿಳಿದು ಬರೆಯದೆ ಬಿಟ್ಟಿದ್ದ. ಓಲೆ, ಕಡ್ಡಿ ಎರಡನ್ನೂ ನಾನು ತೆಗೆದುಹಾಕಿದೆ. ಅವನು ಕೂತು ಹೊಸ ಸಾಲು ಬರೆದ. ಪುಟ ತಡವಾಯಿತು, ಬೈಸಿಕೊಂಡೆ.

ಹೊರಡುವ ಮುನ್ನ ಸಣ್ಣಮ್ಮ ಅದನ್ನು ಓದಿಸಿ ಕೇಳಿದರು. “ಇದ್ನ ದಪ್ಪಕ್ಸರದಾಗೆ ಆಕಿ ಸಾ. ಓನರ್ರು ಕನ್ನಡಕ ಇಲ್ದೇ ಓದ್ಬೇಕು,” ಎಂದರು. ಹಾಗೆಯೇ ಹಾಕಿದೆವು.

ಅರಕಲಗೂಡಿನ ಸಂಬಂಧ ಉಳಿಯಿತು, ಮದುವೆಯೂ ಆಯಿತು. ಪತ್ರಿಕೆ ಬಂದ ಬೆಳಿಗ್ಗೆ ನನಗೆ ಫೋನ್ ಮಾಡಿದ್ದು ಯೂನಿಟ್ಟಿನ ಮಾಲೀಕರು. “ಊರೋರ ಮುಂದೆ ನನ್ ಮಾನ ಕಳೆದ್ರಲ್ರೀ,” ಎಂದು ಕೂಗಾಡಿದರು.

ಬಡತನದ ಬರಹ ಯಾರಾದರೊಬ್ಬರ ಮಾನ ತೆಗೆದೇ ತೆಗೆಯುತ್ತದೆ. ಯಾರದ್ದು ಎಂಬುದನ್ನು ಅಚ್ಚಿಗೆ ಮುಂಚೆ ನೋಡಿಕೊಳ್ಳಬೇಕಾದವರು ನಾವು. ಅಂದು ಮಾಲೀಕರ ಕ್ಷಮೆ ನಾನು ಕೇಳಲಿಲ್ಲ.