ವ್ಯೋಮಯಾತ್ರಿ ಮತ್ತು ನಮ್ಮ ಸಿದ್ರಾಮ ಮಾಮಾ

ಕಳೆದ ಭಾನುವಾರ ಸೋಲಾಪುರದ ಒಂದು ಟಾಕೀಸಿನಲ್ಲಿ, ಇಂಗ್ಲಿಷ್ ಸಿನಿಮಾ ನಡುವೆ, ನಮ್ಮ ಸಿದ್ರಾಮ ಮಾಮಾ ಧಡಕ್ಕನೆ ಎದ್ದು ನಿಂತರು. ಪರದೆಯ ಮೇಲೆ ಒಬ್ಬ ವ್ಯೋಮಯಾತ್ರಿ ಕೈ ಆಡಿಸುತ್ತಿದ್ದ. ಮಾಮಾ ತಾವೂ ಕೈ ಎತ್ತಿ ಅವನಿಗೆ ಉತ್ತರ ಕೊಟ್ಟರು!

ಹಿಂದಿನ ಸಾಲಿನಿಂದ "ಅಹೋ, ಖಾಲೀ ಬಸಾ!" ಎಂದು, ಕೆಳಗೆ ಕೂರುವಂತೆ ಮರಾಠಿಯಲ್ಲಿ ಗದರಿಕೆ ಬಂತು. ನಾನು ಮಾಮಾನ ಅಂಗಿ ಜಗ್ಗಿ ಕೂರಿಸಿದೆ. (ಇಂಟರ್ವಲ್‌ನಲ್ಲಿ ನಮ್ಮ ಆಫೀಸಿನ ಇಬ್ಬರು ನನ್ನ ಗುರುತು ಹಿಡಿದರು. ಸೋಮವಾರ ಏನಾಯಿತೆಂದು ದಯವಿಟ್ಟು ಕೇಳಬೇಡಿ.)

ಮೊದಲಿನಿಂದ ಹೇಳುತ್ತೇನೆ. ಸಿದ್ರಾಮ ಮಾಮಾ ನನ್ನ ತಾಯಿಯ ತಮ್ಮ. ಅಕ್ಕಲಕೋಟ ತಾಲೂಕಿನ ವಾಗದರಿಯವರು. ಮೂವತ್ತು ವರ್ಷ ಸೋಲಾಪುರದ ಮಿಲ್ಲೊಂದರಲ್ಲಿ ಮಗ್ಗ ನಡೆಸಿದರು. ಇವರು ಇಲ್ಲಿ ಚಾಳಿನ, ಅಂದರೆ ಮಿಲ್ ಕಾರ್ಮಿಕರ ವಠಾರದ, ಒಂದು ಖೋಲಿಯಲ್ಲಿ, ನೀಲವ್ವ ಮಾಮಿ ಅಲ್ಲಿ ಹೊಲ ಮತ್ತು ಅತ್ತೆಯನ್ನು ನೋಡಿಕೊಂಡು ಊರಲ್ಲಿ. ಸೂಟಿ ಸಿಕ್ಕಾಗ ನಾಲ್ಕು ದಿನದ ಸಂಸಾರ. ಆರು ತಿಂಗಳ ಹಿಂದೆ ಮಾಮಾ ರಿಟೈರ್ ಆಗಿ ಊರು ಸೇರಿದರು. ಸೇರಿದವರು ಮಾತೇ ಬಿಟ್ಟರು.

ಭಾನುವಾರ ಬೆಳಿಗ್ಗೆ ಇಬ್ಬರೂ ನಮ್ಮ ಮನೆ ಬಾಗಿಲಲ್ಲಿ. ಜೊತೆಗೊಂದು ಟ್ರಂಕು. ಮಾಮಿ ನನ್ನನ್ನು ಅಡುಗೆಮನೆಗೆ ಕರೆದು ಅತ್ತೇಬಿಟ್ಟರು.

"ಇವ್ರು ತಿರುಗಿ ಚಾಳಿಗೇ ಹೊಂಟಾರಪ್ಪಾ. ನಾ ಏನ್ ಕೇಳಿದ್ರೂ ಜವಾಬಿಲ್ಲ. ನಂದೇನ್ ತಪ್ಪಾಗ್ಯದ, ನೀನರ ಕೇಳು."

"ಇದಕ್ಕ ಡಿಪ್ರೆಶನ್ ಅಂತಾರ, ಮಾಮಿ," ಎಂದೆ. (ಲೈಬ್ರರಿಯಿಂದ ತಂದ ಮನಃಶಾಸ್ತ್ರದ ಪುಸ್ತಕ ಅರ್ಧ ಓದಿದ್ದೇನೆ.)

"ಅದಕ್ಕ ಯಾವ ಗುಳಿಗಿ ಕೊಡ್ತಾರ?"

ನನ್ನ ಬಳಿ ಗುಳಿಗೆ ಇರಲಿಲ್ಲ. ಸಿನಿಮಾ ಇತ್ತು. ಓದುಗರೊಬ್ಬರು ನಾನು ಬರೆಯುವ ಈ ಸಿನಿಮಾ ಅಂಕಣಕ್ಕೆ ಪತ್ರ ಬರೆದು ಕೇಳಿದ್ದರು: ಸಿನಿಮಾದಲ್ಲಿ ಆಕಾಶಕ್ಕೆ ಹೋಗಿ ಬಂದವರಿಗೆಲ್ಲ ತಲೆ ಯಾಕೆ ಕೆಡುತ್ತದೆ? ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಮಾರ್ನಿಂಗ್ ಶೋಗೆ ಹೊರಟವನು ಇವರಿಬ್ಬರನ್ನೂ ಎಳೆದುಕೊಂಡು ಹೋದೆ. ಮನಸ್ಸಿಗೆ ಒಂದಿಷ್ಟು ಹಗುರವಾದೀತು ಎಂಬ ಆಸೆ.

ಹಗುರವೆಲ್ಲಿ ಬಂತು? ಸಿನಿಮಾದಲ್ಲಿ ಮೂವರು ವ್ಯೋಮಯಾತ್ರಿಗಳು ದೂರದ ಗ್ರಹಕ್ಕೆ ಹೊರಡುತ್ತಾರೆ. ಒಬ್ಬ ತನ್ನ ಬೂಟಿನ ಜೊತೆ ಹರಟೆ ಹೊಡೆಯತೊಡಗುತ್ತಾನೆ. ಇನ್ನೊಬ್ಬನಿಗೆ ಸತ್ತ ತಾಯಿ ಕರೆದಂತಾಗುತ್ತದೆ. ಕ್ಯಾಪ್ಟನ್ ಮಾತ್ರ ಗಟ್ಟಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೌಕೆಯ ಹೊರಗೆ ರಿಪೇರಿಗೆ ಇಳಿದಾಗ ಅವನ ರೇಡಿಯೋ ಕೆಡುತ್ತದೆ. ಗಾಜಿನ ಟೊಪ್ಪಿಗೆಯೊಳಗಿಂದ ಅವನು ಕೈಸನ್ನೆ ಮಾಡುತ್ತಾನೆ. ಮಾಮಾ ಎದ್ದು ನಿಂತದ್ದು ಆಗಲೇ.

"ಹಗ್ಗ ಹರದದ ಅನ್ನಾಕತ್ತಾನ! ಹಿಂದಿನಂವಗ ತಿಳೀವಲ್ದು!"

ಮರುಕ್ಷಣವೇ ಪರದೆಯ ಮೇಲೆ ಹರಿದ ಹಗ್ಗ ಕಂಡಿತು. ನಾನು ಬೆಕ್ಕಸಬೆರಗಾದೆ. ಕೂತ ಮೇಲೆ ಮಾಮಾ ಎರಡು ಬೆರಳು ಜೋಡಿಸಿ, ಅಗಲಿಸಿ ತೋರಿಸಿದರು. "ಮಿಲ್ಲಿನ್ಯಾಗ ದಾರ ಹರದ್ರ ನಾವೂ ಹಿಂಗ ಮಾಡ್ತೀವಿ. ಅಷ್ಟ್ ಮಗ್ಗದ ಸದ್ದಿನ್ಯಾಗ ಬಾಯಿ ಮಾತು ಯಾರಿಗಿ ಕೇಳಸ್ತದ?" ಆರು ತಿಂಗಳಲ್ಲಿ ಅವರು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು ಎಂದು ಮಾಮಿ ಆಮೇಲೆ ಹೇಳಿದರು.

ಕೊನೆಗೆ ಕ್ಯಾಪ್ಟನ್ ಭೂಮಿಗೆ ಮರಳುತ್ತಾನೆ. ಮನೆಯಲ್ಲಿ ಟೇಬಲ್ ಮುಂದೆ ಕೂತಿದ್ದಾನೆ. ಹೆಂಡತಿ ಅವನ ಬೆನ್ನ ಹಿಂದೆ ಒಲೆಯ ಬಳಿ ನಿಂತು ಏನೋ ಕೇಳುತ್ತಾಳೆ. ಅವನು ಸುಮ್ಮನೆ. ಮತ್ತೆ ಕೇಳುತ್ತಾಳೆ. ಸುಮ್ಮನೆ. ಅವಳು ಅಳುತ್ತಾಳೆ. ನನ್ನ ಪಕ್ಕದಲ್ಲಿ ಮಾಮಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಂಕಣಕ್ಕೊಂದು ವಾಕ್ಯ ರೆಡಿ ಮಾಡಿಕೊಂಡೆ: 'ಶೂನ್ಯವು ಮನುಷ್ಯನ ಮನಸ್ಸನ್ನೇ ನುಂಗಿಬಿಡುತ್ತದೆ.' ಭಾರೀ ವಾಕ್ಯ, ಅಲ್ಲವೇ?

ಅದನ್ನು ಮಾಮಾ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹಾಳು ಮಾಡಿದರು.

"ಆ ಹೆಣ್ಮಗಳದೇ ತಪ್ಪು. ಬೆನ್ನಿಗಿ ನಿಂತು ಮಾತಾಡ್ತಾಳ. ಆಂವಾ ವರ್ಷಗಟ್ಲೆ ಗಾಜಿನ ಟೊಪಗಿಯಾಗ ಮಾರಿ, ತುಟಿ ನೋಡಿ ಮಾತು ತಿಳಕೊಂಡಂವಾ. ಮುಂದ ಬಂದು ನಿಲ್ಲಬೇಕು."

ನನಗೆ ಏನೋ ಹೊಳೆಯಿತು. ಮಾಮಾ ಬೀದಿಯ ಕಡೆ ನೋಡುತ್ತಿದ್ದಾಗ ಕೇಳಿದೆ: "ಮಾಮಾ, ನಿಮಗ ಕಿವಿ ಕೇಳಸ್ತದೇನ್ರಿ?" ಉತ್ತರವಿಲ್ಲ. ತೋಳು ಮುಟ್ಟಿ, ಮುಖ ತಿರುಗಿಸಿ, ಅದನ್ನೇ ಕೇಳಿದೆ.

"ಕಿವಿ ಮಿಲ್ಲಿನ್ಯಾಗೇ ಹೋಗ್ಯಾವಪ್ಪಾ," ಎಂದು ನಕ್ಕರು. "ಮಾರಿ ಕಂಡ್ರ ಎಲ್ಲಾ ತಿಳೀತದ. ಚಾಳಿನ್ಯಾಗ ಎಲ್ಲಾರೂ ನನ್ನಂಗೇ ಅದಾರ. ಊರಾಗ, ಮನ್ಯಾಗ, ಯಾರೂ ನನ್ನ ಕೂಡ ಮಾತಾಡಂಗಿಲ್ಲ. ಅದಕ್ಕ ಹೊಂಟೀನಿ."

ಮಾತಾಡುವುದಿಲ್ಲವಂತೆ! ನಾನು ಚಾಳಿಗೆ ಹೋದಾಗಲೆಲ್ಲ ಎದುರಿಗೇ ಕೂರುತ್ತಿದ್ದೆ. ಅವರ ಕಿವಿ ಹೋದದ್ದು ನನಗೆ ಗೊತ್ತಾಗದ್ದು ಸರಿ. ಆದರೆ ವಾಗದರಿಯ ಮನೆಯಲ್ಲಿ ನನ್ನ ಅಜ್ಜಿ ಇನ್ನೂ ಗಟ್ಟಿಯಾಗಿದ್ದಾಳೆ. ಅತ್ತೆಯ ಮುಂದೆ ಗಂಡನ ಮುಖ ನೋಡಿ ಮಾತಾಡುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಮಾಮಿ ಅರ್ಧ ತಿರುಗಿ, ಸೆರಗು ಎಳೆದು, ಗೋಡೆಗೆ ಹೇಳುತ್ತಾರೆ. ಅದು ಮರ್ಯಾದೆ. ಈ ಮರ್ಯಾದೆ ಆರು ತಿಂಗಳು ಇಬ್ಬರನ್ನೂ ಅಳಿಸಿತು.

ಆಗಲೂ ಮಾಮಿ ಗೋಡೆಗೇ ಹೇಳಿದರು: "ದಿನಾ ಮಾತಾಡಾಕತ್ತೀನಲ್ಲ..."

"ಮಾಮಿ, ಈ ಕಡಿ ತಿರಗ್ರಿ," ಎಂದೆ.

ಹೋಟೆಲಿನ ತುಂಬ ಗಂಡಸರು. ಮಾಮಿ ಕೆಂಪಾದರು. ಸೆರಗು ಸರಿಮಾಡಿಕೊಂಡರು. ಕೊನೆಗೆ ತಿರುಗಿದರು. ಗಂಡನ ಮುಖ ನೋಡುತ್ತ ನಿಧಾನಕ್ಕೆ ಕೇಳಿದರು.

"ಊಟಕ್ಕ ಪುಂಡಿಪಲ್ಯ ಮಾಡ್ಲ್ಯಾ, ಝುಣಕ ಮಾಡ್ಲ್ಯಾ ಅಂತ ದಿನಾ ಕೇಳ್ತಿದ್ದೆ. ಒಂದ್ ದಿನಾನೂ ಹೇಳ್ಲಿಲ್ಲ ನೀವು."

ಮಾಮಾ ಅವರ ತುಟಿಗಳನ್ನು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಚಹಾದ ಕಪ್ಪು ಕೆಳಗಿಟ್ಟರು.

"ಝುಣಕ," ಎಂದರು.

ನನಗೆ ಅಳು ತಡೆಯಲಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಸಂಜೆಯ ಎಸ್‌ಟಿ ಬಸ್ಸಿನ ಟಾಪಿನ ಮೇಲೆ ಟ್ರಂಕು ಹತ್ತಿತು. ಚಾಳಿಗಲ್ಲ, ವಾಗದರಿಗೆ. ಸ್ಟ್ಯಾಂಡಿನಲ್ಲಿ ಮಾಮಿ ಉಣ್ಣಲು ಕರೆಯುವ ಸನ್ನೆ ಕಲಿಯುತ್ತಿದ್ದರು. "ಅತ್ತಿ ಎದುರ ಮಾತಾಡಂಗಿಲ್ಲ ಖರೆ," ಎಂದರು ನನ್ನ ಕಡೆ ನೋಡಿ, "ಕೈಸನ್ನಿ ಮಾಡಬ್ಯಾಡಂತ ಯಾರೂ ಹೇಳಿಲ್ಲಲ್ಲ?"

ಪತ್ರ ಬರೆದ ಓದುಗರೇ, ಆಕಾಶಕ್ಕೆ ಹೋಗಿ ಬಂದವರಿಗೆ ತಲೆ ಯಾಕೆ ಕೆಡುತ್ತದೋ ನನಗೆ ಈಗಲೂ ಗೊತ್ತಿಲ್ಲ. ಪುಸ್ತಕದ ಉಳಿದರ್ಧ ಓದಿದರೂ ಗೊತ್ತಾಗಲಿಕ್ಕಿಲ್ಲ. ನನ್ನದು ಒಂದೇ ಪ್ರಶ್ನೆ: ಇಡೀ ಆಕಾಶವನ್ನೇ ಕಟ್ಟಿ ತೋರಿಸಿದ ಆ ಡೈರೆಕ್ಟರಿಗೆ, ಹೆಂಡತಿಯನ್ನು ಒಲೆಯ ಬಳಿಯಿಂದ ಗಂಡನ ಎದುರಿಗೆ ನಾಲ್ಕು ಹೆಜ್ಜೆ ನಡೆಸಲು ಯಾಕೆ ತೋಚಲಿಲ್ಲ?