ಮಲೇಷ್ಯಾದ ಮಕ್ಕಳಿಗೆ ತೋರಿಸಿದ ಮನೆ

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಬರುತ್ತದೆ. ಅಪ್ಪನಿಗೆ ಬರುತ್ತಿತ್ತು, ಅಣ್ಣನಿಗೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ, ನನಗೂ ಬರುತ್ತದೆ. ದೇರೆಬೈಲಿನ ಈ ಮನೆಯಲ್ಲಿ ಒದೆ ತಿನ್ನದ ಬಾಗಿಲು ಒಂದೂ ಇಲ್ಲ. ಆದರೆ ಉರ್ವದ ಶಾಲೆಯಲ್ಲಿ ಇಷ್ಟು ವರ್ಷ ಇತಿಹಾಸ ಕಲಿಸಿದ್ದೇನೆ, ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ. ಪೆಟ್ಟಿನ ರುಚಿ ನನಗೆ ಮನೆಯಲ್ಲೇ ಸಾಕಾಗುವಷ್ಟು ಸಿಕ್ಕಿತ್ತು.

ನಮ್ಮ ಪಾಠಪುಸ್ತಕದಲ್ಲಿ ಯುರೋಪಿನ ರಾಜರಿಗೆ ಅಧ್ಯಾಯದ ಮೇಲೆ ಅಧ್ಯಾಯ. ಚೀನಾ, ಜಪಾನ್, ಮಲಯಾ ಎಲ್ಲ ಸೇರಿ ಕೊನೆಯ ನಾಲ್ಕು ಪುಟ, ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನೂ ಬಿಟ್ಟುಬಿಡುವುದು. ಆ ಸಿಟ್ಟಿಗೇ ನಾನು ಏಷ್ಯಾದ ಬಗ್ಗೆ ಓದತೊಡಗಿದ್ದು. ಓದುತ್ತ ಓದುತ್ತ ಅದೇ ಹುಚ್ಚಾಯಿತು. ನಮ್ಮ ಇಂಗ್ಲಿಷ್ ಮೇಷ್ಟ್ರು ಬ್ಯಾರಿ, ಅವರ ಅಣ್ಣತಮ್ಮಂದಿರೆಲ್ಲ ಗಲ್ಫಿನಲ್ಲಿದ್ದಾರೆ. ವಿದೇಶದ ಕೆಲಸದ ಜಾಹೀರಾತುಗಳನ್ನು ಫೋನಿನಲ್ಲಿ ನೋಡುವುದು ಅವರ ಚಟ. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಮೂಗಿನ ಕೆಳಗೆ ಫೋನ್ ಹಿಡಿದರು.

"ನೋಡಿ ಟೀಚರ್, ಏಷ್ಯಾದ ಇತಿಹಾಸ, ಸಂಸ್ಕೃತಿ ಕಲಿಸ್ಲಿಕ್ಕೆ ಜನ ಬೇಕಂತೆ. ಮಲೇಷ್ಯಾದಲ್ಲಿ."

"ಈ ವಯಸ್ಸಿನಲ್ಲಿ ನನ್ನನ್ನು ಯಾರು ತಗೊಳ್ತಾರೆ ಮಾರ್ರೆ?"

"ನಮ್ಮವರು ಇಡೀ ಊರಿಗೆ ಊರೇ ಪಡುವಣಕ್ಕೆ ಹೋಗಿ ಆಯ್ತು. ನೀವೊಬ್ಬರು ಉಲ್ಟಾ ಹೋಗಿ ನೋಡಿ, ಎಂತ ನಷ್ಟ?"

ಅರ್ಜಿ ಹಾಕಿದೆ. ಮೊದಲ ಸಂದರ್ಶನ ವಿಡಿಯೋದಲ್ಲೇ ಆಯಿತು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಕೇಳಿದ ಮೊದಲ ಪ್ರಶ್ನೆಯೇ, ಮಕ್ಕಳಿಗೆ ಎಂದಾದರೂ ಹೊಡೆದಿದ್ದೀರಾ ಎಂದು. ಮಕ್ಕಳ ಎದುರು ಕೈ ಎತ್ತುವವರಿಗೆ ಅವರಲ್ಲಿ ಜಾಗವಿಲ್ಲವಂತೆ. ಎದೆಯುಬ್ಬಿಸಿ ಇಲ್ಲ ಎಂದೆ. ಇನ್ನು ಉಳಿದದ್ದು ಒಂದೇ ಮೆಟ್ಟಿಲು. ಅವರ ಶಾಲೆಯ ಮಕ್ಕಳಿಗೆ ನಾನು ಇಲ್ಲಿಂದಲೇ ಒಂದು ಪಾಠ ಮಾಡಿ ತೋರಿಸಬೇಕಿತ್ತು.

ಸುದ್ದಿ ಅಣ್ಣನ ಕಿವಿಗೆ ಬಿತ್ತು. ಕೂಳೂರು ಸೇತುವೆ ದಾಟಿದ ಮೇಲೆ ಹೆದ್ದಾರಿಯ ಬದಿಯಲ್ಲಿ ಅವನ ಹೋಟೆಲು. ವಾಸ ಮಾತ್ರ ನಮ್ಮ ಮನೆಯ ಮಾಳಿಗೆಯಲ್ಲಿ, ಹೆಂಡತಿಯೊಡನೆ. ಈ ಮನೆ ನನ್ನದು. ನಮ್ಮವರ ಹಳೆಯ ಅಳಿಯಕಟ್ಟಿನ ಪ್ರಕಾರ ಆಸ್ತಿ ತಾಯಿಯಿಂದ ಮಗಳಿಗೆ. ಕಾನೂನು ಬದಲಾದರೂ ಅಮ್ಮ ಬದಲಾಗಲಿಲ್ಲ, ಸಾಯುವ ಮೊದಲು ನನ್ನ ಹೆಸರಿಗೇ ಬರೆದಿಟ್ಟಳು. ಅಣ್ಣನಿಗೆ ಇದನ್ನು ಕೆಡವಿ ಲಾಡ್ಜ್ ಕಟ್ಟಬೇಕು.

"ಹೋಗು, ಬೇಡ ಹೇಳಿದವರು ಯಾರು? ಪವರ್ ಆಫ್ ಅಟಾರ್ನಿಗೆ ಒಂದು ಸೈನ್ ಹಾಕಿ ಎಲ್ಲಿಗೆ ಬೇಕಾದರೂ ಹೋಗು," ಎಂದ.

"ಹಾಕುವುದಿಲ್ಲ. ನಾನು ಬರುವಾಗ ಮನೆ ಹೀಗೇ ಇರಬೇಕು."

ಬಂಗುಡೆ ಮೀನಿನ ಸಾರಿನ ಪಾತ್ರೆ ಅವನ ಕೈಯಿಂದ ಗೋಡೆಗೆ ಹೋಯಿತು. ಮರುವಾರ ನನ್ನ ಸ್ಕೂಟರಿನ ಸೀಟನ್ನು ಯಾರೋ ಕತ್ತಿಯಿಂದ ಉದ್ದಕ್ಕೆ ಸೀಳಿದ್ದರು. ಯಾರೋ ಏನು, ಅವನೇ. ನಾನು ಸುಮ್ಮನಿರುವ ಪೈಕಿಯವಳೇ? ಅಂಗಳದಲ್ಲಿ ನಿಂತು ಅವನ ಕಾರಿನ ಗಾಜಿಗೆ ಸುಲಿದ ತೆಂಗಿನಕಾಯಿ ಎಸೆದೆ. ಗಾಜು ಬಲೆಬಲೆಯಾಗಿ ಒಡೆದದ್ದನ್ನು ಕಂಡು ಹೊಟ್ಟೆ ತಣ್ಣಗಾಯಿತು. ಆ ರಾತ್ರಿ ಅವನು ನನ್ನ ಕತ್ತು ಹಿಡಿದು ಕಂಬಕ್ಕೆ ಒತ್ತಿದ. ಅತ್ತಿಗೆ ಮೆಟ್ಟಿಲಲ್ಲಿ ನಿಂತು ಕೂಗದಿದ್ದರೆ ಬಿಡುತ್ತಿರಲಿಲ್ಲ.

ಪಾಠದ ದಿನ ದಸರಾ ರಜೆ. ಅಣ್ಣ ಹೋಟೆಲಿಗೆ ಹೋದದ್ದನ್ನು ನೋಡಿಕೊಂಡೇ ಕೆಳಗಿನ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟೆ. ಶಾಲೆಯಿಂದ ತಂದ ಕಬ್ಬಿಣದ ಕಾಲಿನ ಗ್ಲೋಬು ಪಕ್ಕದಲ್ಲಿತ್ತು. ಪರದೆಯ ಮೇಲೆ ಒಂದು ತರಗತಿಯಷ್ಟು ಮಕ್ಕಳು. ಅವರ ಸೀಮೆಯಲ್ಲೂ ಆಸ್ತಿ ತಾಯಿಯಿಂದ ಮಗಳಿಗೆ ಹೋಗುವ ಪದ್ಧತಿ ಉಂಟೆಂದು ಓದಿದ್ದೆ. ಅದಕ್ಕೇ ಆ ವಿಷಯ ಆರಿಸಿದ್ದು. ಕಡಲಿನ ಆ ದಡದಲ್ಲಿ ನಿಮ್ಮ ಅಜ್ಜಿಯಂದಿರು, ಈ ದಡದಲ್ಲಿ ನಮ್ಮ ಅಜ್ಜಿಯಂದಿರು, ಇಬ್ಬರೂ ಮನೆಯ ಯಜಮಾನಿಯರು ಎಂದಾಗ ಮಕ್ಕಳ ಕಣ್ಣು ಅರಳಿತು. ನನಗೆ ಹುರುಪು ಏರಿತು. ದೂರದ ಉದಾಹರಣೆ ಯಾಕೆ, ಈ ಮನೆಯನ್ನೇ ನೋಡಿ ಎಂದು ಹಿಂದಿನ ಕಂಬ ತೋರಿಸಿದೆ. ಇದು ನನ್ನ ಅಮ್ಮನದು, ಈಗ ನನ್ನದು ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ.

ಮರೆತ ಫೋನಿಗಾಗಿ ಅಣ್ಣ ವಾಪಸು ಬಂದಿದ್ದ. ಅಷ್ಟು ಇಂಗ್ಲಿಷ್ ಅವನಿಗೆ ಧಾರಾಳ ಅರ್ಥವಾಗುತ್ತದೆ.

"ದೇಶ ದೇಶಕ್ಕೆ ಡಂಗುರ ಹೊಡಿತೀಯಾ? ನಿನ್ನ ಮನೆಯಾ? ಸೈನ್ ಹಾಕು! ಈಗಲೇ ಸೈನ್ ಹಾಕು!"

ಜಡೆಗೆ ಕೈ ಹಾಕಿ ಎಳೆದ. ಕುರ್ಚಿ ಸಮೇತ ನೆಲಕ್ಕೆ ಬಿದ್ದೆ. ಕೆನ್ನೆಗೆ ಒಂದು, ಬೆನ್ನಿಗೆ ಒಂದು. ಏಳಲು ಬಲಗೈ ಊರಿದರೆ ಮಣಿಕಟ್ಟಿನ ಮೇಲೆ ಬೂಟುಗಾಲು ಇಟ್ಟು ತುಳಿದ. ಒಳಗೆ ಮೂಳೆ ಲಟಕ್ಕೆಂದದ್ದು ನನ್ನ ಕಿವಿಗೇ ಕೇಳಿಸಿತು. ಎಡಗೈಗೆ ನನ್ನ ಜೊತೆಗೇ ಉರುಳಿದ್ದ ಗ್ಲೋಬು ಸಿಕ್ಕಿತು. ಅದರ ಕಬ್ಬಿಣದ ಕಾಲು ಬಗ್ಗಿದ್ದ ಅವನ ಹಣೆಗೆ ಬೀಳುವಂತೆ ಇದ್ದ ಬಲವೆಲ್ಲ ಹಾಕಿ ಬೀಸಿದೆ. ರಕ್ತ ಅವನ ಅಂಗಿಗೂ ನನ್ನ ಸೀರೆಗೂ ಹಾರಿತು. ಅವನು ಕುಸಿದ. ತಲೆಯೆತ್ತಿ ನೋಡುತ್ತೇನೆ, ಅಯ್ಯೋ ದೇವರೇ, ಪರದೆಯಲ್ಲಿ ಮಕ್ಕಳೆಲ್ಲ ಹಾಗೇ ಕೂತಿದ್ದಾರೆ. ಆಮೇಲೆ ಯಾರೋ ಅಲ್ಲಿಂದ ಕರೆ ಕಡಿದರು.

ಅತ್ತಿಗೆ ಓಡಿ ಬಂದು ಗಂಡನ ಹಣೆಗೆ ಬಟ್ಟೆ ಒತ್ತಿದಳು. ನನ್ನ ಕಿವಿಯ ಹತ್ತಿರ ಬಗ್ಗಿ, "ಇನ್ನೂ ಗಟ್ಟಿ ಹೊಡಿಬೇಕಿತ್ತು," ಎಂದು ಪಿಸುಗುಟ್ಟಿದಳು.

ಅವನಿಗೆ ಹೊಲಿಗೆ, ನನಗೆ ಪ್ಲಾಸ್ಟರು. ಇಂಗ್ಲಿಷ್ ಮೇಷ್ಟ್ರು ಆಸ್ಪತ್ರೆಗೂ ಠಾಣೆಗೂ ಜೊತೆಗೆ ಬಂದರು. ಅಣ್ಣ ತಂಗಿ ಕೂತು ಮಾತಾಡಿ ಮುಗಿಸಿಕೊಳ್ಳಿ ಎಂದರು ಠಾಣೆಯಲ್ಲಿ. ಮಾತಾಡಿದ್ದರ ಫಲವೇ ಇದು ಎಂದು ನಾನು ಪ್ಲಾಸ್ಟರಿನ ಕೈ ಮೇಜಿಗೆ ಕುಟ್ಟಿದೆ, ನೋವಿಗೆ ಕಣ್ಣಿಗೆ ಕತ್ತಲೆ ಬಂತು. ದೂರು ಬರೆದುಕೊಂಡರು, ಅಷ್ಟೇ.

ಮಲೇಷ್ಯಾದ ಮುಖ್ಯೋಪಾಧ್ಯಾಯಿನಿ ಕರೆ ಮಾಡಿದಾಗ ಅವರ ದನಿ ಮೆತ್ತಗಿತ್ತು. ಮೊದಲು ಹೊಡೆದವರು ನೀವಲ್ಲವೆಂದು ಗೊತ್ತು, ಆದರೂ ಮಕ್ಕಳ ಎದುರು ಕೈ ಎತ್ತಿದವರನ್ನು ತೆಗೆದುಕೊಳ್ಳಲು ನಮ್ಮ ನಿಯಮ ಬಿಡುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ಸುಮ್ಮನೆ ಬಿದ್ದು ಪೆಟ್ಟು ತಿಂದಿದ್ದರೆ ಕೆಲಸ ಕೊಡುತ್ತಿದ್ದಿರಾ ಎಂದು ಕೇಳಿಯೇಬಿಟ್ಟೆ. ಅವರು ಅದಕ್ಕೆ, ಮಕ್ಕಳು ದಿನವೂ ನಿಮ್ಮನ್ನು ಕೇಳುತ್ತಿದ್ದಾರೆ, ಕೆಲಸದ ಮಾತು ಬೇರೆ, ಆ ಪಾಠವನ್ನೊಮ್ಮೆ ಮುಗಿಸಿಕೊಡುತ್ತೀರಾ ಎಂದರು. ನಾನೇನು ನಿಮ್ಮ ಬಿಟ್ಟಿ ಚಾಕರಿಗೆ ಹುಟ್ಟಿದವಳಾ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಪಾಠವನ್ನು ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸವಿಲ್ಲ. ಹ್ಞೂಂ ಎಂದೆ.

ಅದೇ ಚಾವಡಿ, ಅದೇ ಕಂಬ. ಮಾಳಿಗೆಯಲ್ಲಿ ಅಣ್ಣ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ತಲೆಗೆ ಬಿಳಿ ವಸ್ತ್ರ ಸುತ್ತಿದವಳು, ಕೈ ಎತ್ತಿದಳು.

"ಹೊಡೆದವರು ಯಾರು?"

"ನನ್ನ ಅಣ್ಣ."

"ಮನೆ ನಿಮ್ಮದು ಎಂದಿರಿ."

"ಹೌದು. ಅದಕ್ಕೇ ಹೊಡೆದ."

ಅಂದು ಅಣ್ಣ ಕೂಗಿದ ತುಳುವಿನ ಬೈಗುಳಗಳ ನಡುವೆ ಆ ಮಕ್ಕಳಿಗೆ ತಿಳಿದ ಶಬ್ದ ಒಂದೇ ಇತ್ತು. ಅವಳು ಅದನ್ನೇ ಕೇಳಿದಳು.

"ಸೈನ್ ಹಾಕಿದಿರಾ?"

"ಇಲ್ಲ."

ಅವಳು ತಲೆ ತಗ್ಗಿಸಿ ಉಗುರು ನೋಡಿಕೊಂಡಳು. "ನನ್ನ ಅಮ್ಮ ಹಾಕಿದರು."

ನಾನು ಪರದೆಯ ಹತ್ತಿರಕ್ಕೆ ಬಗ್ಗಿದೆ. "ಈಗ ಎಲ್ಲಿದ್ದೀರಿ ನೀವು?" ಎಂದು ಕೇಳಿದೆ.

"ಸೋದರಮಾವನ ಮನೆಯ ಹಿಂದಿನ ಕೋಣೆಯಲ್ಲಿ. ಮೊದಲು ಅದು ನಮ್ಮ ಮನೆ."

ಅಲ್ಲಿ ಗಂಟೆ ಹೊಡೆಯಿತು. ಮಕ್ಕಳು ಏಳಲಿಲ್ಲ, ಮುಖ್ಯೋಪಾಧ್ಯಾಯಿನಿಯೂ ಏಳಿ ಎನ್ನಲಿಲ್ಲ. ನಾನು ಎಡಗೈಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು, ಮೊನ್ನೆ ಪಾಠ ನಿಂತುಹೋಗಿದ್ದ ಕಂಬದಿಂದ ಶುರುಮಾಡಿ, ಆ ಹುಡುಗಿಗೆ ನನ್ನ ಮನೆಯ ಒಂದೊಂದೇ ಕೋಣೆಯನ್ನು ತೋರಿಸುತ್ತ ಹೋದೆ.